ಚೆಲ್ಲಿದ ಕೋವಿಮದ್ದು ಎತ್ತಲು ಯಾವ ಬ್ರಶ್, ಯಾವ ಟ್ರೇ? ರಿಲೋಡಿಂಗ್ ಬೆಂಚಿನ ಸಾಮಾನುಗಳ ವಿಮರ್ಶೆ

ರಿಲೋಡಿಂಗ್, ಅಂದರೆ ಹೊಡೆದ ತೋಟಾಗಳನ್ನು ಮತ್ತೆ ತುಂಬುವ ಕೆಲಸದ ಬೆಂಚಿನ ಮೇಲೆ ಮದ್ದು ಚೆಲ್ಲಿದ ಕೂಡಲೇ ಕೈ ಹೋಗುವುದು ಗ್ಯಾರೇಜಿನ ಮೂಲೆಯಲ್ಲಿ ನಿಂತಿರುವ ಶಾಪ್-ವ್ಯಾಕ್ ಎಂಬ ದೊಡ್ಡ ವ್ಯಾಕ್ಯೂಮ್ ಕ್ಲೀನರ್ ಕಡೆಗೆ. ಈ ವಿಮರ್ಶೆಯಲ್ಲಿ ಅದಕ್ಕೆ ಸೊನ್ನೆ. ಐದಕ್ಕೆ ಐದು ಅಂಕ ಪಡೆದದ್ದು ಎರಡು ಸಾಮಾನು: ಬೇಕರಿಯವರು ಬಳಸುವ ಅಂಚುಳ್ಳ ಅಲ್ಯುಮಿನಿಯಂ ಟ್ರೇ, ನಕ್ಷೆ ಬರೆಯುವವರ ಕುದುರೆಕೂದಲಿನ ಬ್ರಶ್. ರಿಲೋಡಿಂಗ್ ಅಂಗಡಿಯಲ್ಲಿ ಎರಡೂ ಸಿಗುವುದಿಲ್ಲ. ಒಂದು ಪಾತ್ರೆ ಅಂಗಡಿಯದು, ಇನ್ನೊಂದು ಚಿತ್ರಕಲೆ ಸಾಮಗ್ರಿ ಮಾರುವ ಅಂಗಡಿಯದು.

ಅಮೆರಿಕದಲ್ಲಿ ಸ್ವಂತ ಬಳಕೆಗೆ ತೋಟಾಗಳನ್ನು ಮನೆಯಲ್ಲೇ ಮತ್ತೆ ತುಂಬಿಕೊಳ್ಳಲು ಫೆಡರಲ್ ಲೈಸೆನ್ಸ್ ಬೇಕಿಲ್ಲ. ಅಲ್ಲಿ ಗುಂಡು ಹೊಡೆಯುವ ರೇಂಜಿಗೆ ಹೋಗುವ ಹವ್ಯಾಸದ ಜೊತೆಗೆ ಬೆಂಚು, ತೋಟಾ ತುಂಬುವ ಪ್ರೆಸ್ಸು, ಮದ್ದು ಅಳೆದು ಹಾಕುವ ಪೌಡರ್ ಮೆಷರ್ ಇಟ್ಟುಕೊಂಡಿರುವ ಕನ್ನಡಿಗರಿಗಾಗಿ ಇದನ್ನು ಬರೆದಿದೆ. ಭಾರತದಲ್ಲಿ ತೋಟಾ ತಯಾರಿಕೆಗೆ ಆಯುಧ ಕಾಯ್ದೆಯ ಪರವಾನಗಿ ಬೇಕು. ಅಲ್ಲಿನ ಓದುಗರಿಗೆ ಉಪಯೋಗಕ್ಕೆ ಬರುವುದು ಕೊನೆಯಲ್ಲಿರುವ ಕರಿಮದ್ದಿನ ಭಾಗ.

ಮೊದಲು ಸೊನ್ನೆ ಅಂಕ ಯಾಕೆ ಎಂಬುದು. ಇಂದಿನ ತೋಟಾಗಳಿಗೆ ತುಂಬುವ ಹೊಗೆರಹಿತ ಮದ್ದು (ಸ್ಮೋಕ್‌ಲೆಸ್ ಪೌಡರ್) ಬಯಲಲ್ಲಿ ಹರಡಿದ್ದರೆ ಭುಸ್ಸೆಂದು ಉರಿದುಹೋಗುತ್ತದೆ. ಮುಚ್ಚಿದ ಜಾಗದಲ್ಲಿದ್ದರೆ ಉರಿದು ಹುಟ್ಟಿದ ಅನಿಲಕ್ಕೆ ಹೊರದಾರಿ ಇಲ್ಲದೆ ಒತ್ತಡ ಏರುತ್ತದೆ. ವ್ಯಾಕ್ಯೂಮ್ ಕ್ಲೀನರ್ ಎಂಬುದು ಮುಚ್ಚಿದ ಡಬ್ಬಿ. ಅದರೊಳಗೆ ಮೊದಲೇ ಮರದ ಪುಡಿ, ನೂಲು, ಕೂದಲು, ದೂಳು ತುಂಬಿರುತ್ತವೆ. ಉಸಿರೆಳೆದಂತೆ ಗಾಳಿಯೂ ಬೇಕಾದಷ್ಟು ಬರುತ್ತದೆ. ಕಾರ್ಬನ್ ಬ್ರಶ್ ಇರುವ ಮೋಟಾರು ಓಡುವಾಗ ಸದಾ ಕಿಡಿ ಕಾರುತ್ತದೆ; ಪ್ಲಾಸ್ಟಿಕ್ ಪೈಪಿನೊಳಗೆ ಒಣಕಾಳು ಉಜ್ಜಿಕೊಂಡು ಹೋಗುವಾಗ ಸ್ಥಾಯೀವಿದ್ಯುತ್ತು ಕೂಡುತ್ತದೆ. ಕೆಲವು ಮನೆ ವ್ಯಾಕ್ಯೂಮ್‌ಗಳಲ್ಲಿ ಕಸ ಚೀಲಕ್ಕೆ ಹೋಗುವ ಮೊದಲು ತಿರುಗುವ ಫ್ಯಾನಿನ ಮೂಲಕವೇ ಹಾದುಹೋಗುತ್ತದೆ. ಇದರ ಜೊತೆಗೆ ನೆಲಕ್ಕೆ ಬಿದ್ದ ಒಂದು ಪ್ರೈಮರ್ (ತೋಟಾದ ಬುಡದಲ್ಲಿ ಕೂತು ಮದ್ದಿಗೆ ಕಿಡಿ ಹಚ್ಚುವ ಪುಟ್ಟ ಬಿಲ್ಲೆ) ಒಳಗೆ ಹೋದರೆ ಮದ್ದಿನ ಜೊತೆಗೆ ಕಿಡಿಯನ್ನೂ ನಾವೇ ಒದಗಿಸಿದಂತಾಯಿತು. ಅಮೆರಿಕದ ಕೋವಿ ಮತ್ತು ತೋಟಾ ತಯಾರಕರ ಸಂಸ್ಥೆ ಸ್ಯಾಮಿ ಇದನ್ನು ನೇರವಾಗಿಯೇ ಹೇಳಿದೆ: ಚೆಲ್ಲಿದ ಮದ್ದಿಗೆ ಮೆತ್ತನೆಯ ಬ್ರಶ್ ಮತ್ತು ಮೊರ ಬಳಸಿ, ವ್ಯಾಕ್ಯೂಮ್ ಬೇಡ. "ನಾಲ್ಕು ಕಾಳು ಎಳೆದರೆ ಏನಾಗುತ್ತದೆ?" ಎಂದು ಕೇಳುವವರಿದ್ದಾರೆ. ನಾಲ್ಕು ಕಾಳಿಗೆ ಏನೂ ಆಗದಿರಬಹುದು. ಆ ನಾಲ್ಕು ಕಾಳು ಚೀಲದಲ್ಲೇ ಉಳಿಯುತ್ತವೆ, ಮುಂದಿನ ವಾರ ಇನ್ನಷ್ಟು ಸೇರುತ್ತವೆ. ಆಮೇಲೆ ಯಾರೋ ಅದೇ ಯಂತ್ರದಲ್ಲಿ ಒಲೆಯ ಬೂದಿ ಎಳೆಯುತ್ತಾರೆ.

ವ್ಯಾಕ್ಯೂಮ್ ಬೇಡ ಎನ್ನಲು ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ, ಅದನ್ನು ಹೇಳುವವರು ಕಡಿಮೆ. ಚೆಲ್ಲಿದ ಮದ್ದು ಎಲ್ಲಿಂದಲೋ ಬಂದಿರಬೇಕಲ್ಲ? ಅದು ಡಬ್ಬಿಯಿಂದ ಬಿತ್ತೋ, ಪೌಡರ್ ಮೆಷರ್ ಸೋರಿತೋ, ಇಲ್ಲಾ ಆಗಲೇ ಅಳೆದು ತುಂಬಿದ ಕೇಸಿನಿಂದ, ಅಂದರೆ ತೋಟಾದ ಹಿತ್ತಾಳೆ ಕವಚದಿಂದ, ಹಾರಿತೋ? ಮೊದಲ ಎರಡಾದರೆ ನಷ್ಟ ಅಷ್ಟೇ. ಮೂರನೆಯದಾದರೆ ಒಂದು ತೋಟಾದಲ್ಲಿ ಮದ್ದು ಕಡಿಮೆ ಇದೆ. ಪಿಸ್ತೂಲಿನ ಒಂದು ಸಣ್ಣ ತೋಟಾಕ್ಕೆ ಬೇಕಾದ ಮದ್ದು ನಾಲ್ಕೈದು ಗ್ರೇನ್, ಅಂದರೆ 0.3 ಗ್ರಾಮಿನ ಆಸುಪಾಸು. 7000 ಗ್ರೇನ್‌ಗೆ ಒಂದು ಪೌಂಡ್ ಎಂಬ ಲೆಕ್ಕದಲ್ಲಿ ನೋಡಿದರೆ, ಬೆಂಚಿನ ಮೇಲೆ ಕಾಣುವ ಒಂದು ಚಿಟಿಕೆ ಮದ್ದು ಒಂದು ಇಡೀ ತೋಟಾದ ಪಾಲು. ಅಷ್ಟು ಕಡಿಮೆಯಾದ ತೋಟಾ ಹೊಡೆದಾಗ ಪ್ರೈಮರಿನ ಬಲಕ್ಕೆ ಗುಂಡು ನಳಿಗೆಯೊಳಗೆ ಒಂದೆರಡು ಇಂಚು ಹೋಗಿ ಸಿಕ್ಕಿಕೊಳ್ಳುತ್ತದೆ. ಅದನ್ನು ಗಮನಿಸದೆ ಮುಂದಿನ ಈಡು ಹಾರಿಸಿದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ. ಆದ್ದರಿಂದ ಚೆಲ್ಲಿದ್ದನ್ನು ಎತ್ತುವ ಸಾಮಾನು ಅದನ್ನು ಕಣ್ಣಿಗೆ ಕಾಣುವಂತೆ, ತಕ್ಕಡಿಗೆ ಹಾಕುವಂತೆ ಒಟ್ಟುಮಾಡಿ ಕೊಡಬೇಕು. ವ್ಯಾಕ್ಯೂಮ್ ಮದ್ದನ್ನೂ ನುಂಗುತ್ತದೆ, ಅದರ ಲೆಕ್ಕವನ್ನೂ ನುಂಗುತ್ತದೆ. ಇಲ್ಲಿ ಅಂಕ ಕೊಟ್ಟಿರುವುದು ಈ ಅಳತೆಗೋಲಿನ ಮೇಲೆಯೇ.

ಟ್ರೇ ವಿಷಯಕ್ಕೆ ಬರೋಣ. ಬೇಕರಿ ಸಾಮಾನಿನವರು ಹಾಫ್-ಶೀಟ್ ಪ್ಯಾನ್ ಎಂದು ಕರೆಯುವ 18 × 13 ಇಂಚಿನ, ಒಂದಿಂಚು ಎತ್ತರದ ಅಂಚಿರುವ ಬರಿ ಅಲ್ಯುಮಿನಿಯಂ ಟ್ರೇ ತೆಗೆದುಕೊಳ್ಳಿ. ಕಪ್ಪು ನಾನ್‌ಸ್ಟಿಕ್ ಲೇಪನದ್ದು ಬೇಡ. ಮದ್ದಿನ ಕಾಳುಗಳಿಗೆ ಗ್ರಾಫೈಟ್ ಬಳಿದಿರುತ್ತಾರೆ, ಬಣ್ಣ ಬೂದುಗಪ್ಪು. ಕಪ್ಪು ಟ್ರೇಯಲ್ಲಿ ಅವು ಕಾಣುವುದೇ ಇಲ್ಲ. ಬೆಳ್ಳಗಿನ ಲೋಹದ ಮೇಲೆ ಒಂದೇ ಒಂದು ಕಾಳು ಬಿದ್ದರೂ ಎದ್ದು ಕಾಣುತ್ತದೆ. ಪೌಡರ್ ಮೆಷರ್, ತಕ್ಕಡಿ, ಫನೆಲ್ ಮೂರನ್ನೂ ಈ ಟ್ರೇಯೊಳಗೇ ಇಟ್ಟು ಕೆಲಸ ಮಾಡಿದರೆ ಚೆಲ್ಲಿದ್ದರಲ್ಲಿ ಬಹುಪಾಲು ನೆಲ ಮುಟ್ಟುವುದೇ ಇಲ್ಲ. ಲೋಹವಾದ್ದರಿಂದ ಕಾಳು ಅಂಟಿಕೊಂಡು ಕೂರುವುದಿಲ್ಲ. ಮೂಲೆ ದುಂಡಗಿರುವುದರಿಂದ ಓರೆ ಮಾಡಿ ತಟ್ಟಿದರೆ ಎಲ್ಲವೂ ಒಂದು ಮೂಲೆಗೆ ಬರುತ್ತದೆ, ಅಲ್ಲಿಂದ ತಕ್ಕಡಿಯ ಬಟ್ಟಲಿಗೆ.

ಇದರಲ್ಲೂ ತೊಂದರೆಗಳಿವೆ. ಅಂಚನ್ನು ಹೊರಕ್ಕೆ ಸುರುಳಿ ಸುತ್ತಿರುವ ಟ್ರೇಗಳಲ್ಲಿ ಆ ಸುರುಳಿ ಪೂರ್ತಿ ಮುಚ್ಚಿಲ್ಲದಿದ್ದರೆ ಕಾಳು ಅದರೊಳಗೆ ಸೇರಿಕೊಳ್ಳುತ್ತದೆ. ಕೊಳ್ಳುವಾಗ ಬೆರಳಾಡಿಸಿ ನೋಡಿ. ಡಿಶ್‌ವಾಷರಿಗೆ ಹಾಕಿದರೆ ಬರಿ ಅಲ್ಯುಮಿನಿಯಂ ಕಪ್ಪಾಗಿ, ಕೈಗೆ ಹತ್ತುವ ಬೂದುಪುಡಿ ಬಿಡುತ್ತದೆ. ಆಮೇಲೆ ಪುಡಿ ಯಾವುದು, ಮದ್ದು ಯಾವುದು ತಿಳಿಯದು. ಮೃದು ಸೋಪಿನಲ್ಲಿ ಕೈಯಲ್ಲೇ ತೊಳೆಯಬೇಕು, ಪೂರ್ತಿ ಒಣಗಿಸಬೇಕು. ಒಮ್ಮೆ ಬೆಂಚಿಗೆ ಬಂದ ಟ್ರೇ ಮತ್ತೆ ಅಡುಗೆಮನೆಗೆ ಹೋಗಬಾರದು. ಹೊಡೆದ ಕೇಸುಗಳ ಜೊತೆ ಬರುವ ಪ್ರೈಮರ್ ಮಸಿಯಲ್ಲಿ ಸೀಸವಿರುತ್ತದೆ, ಅದು ಮಕ್ಕಳ ಬಿಸ್ಕತ್ತಿನ ಕೆಳಗೆ ಇರಬೇಕಾದ ವಸ್ತುವಲ್ಲ. ಟ್ರೇಯ ಮೇಲೆ ಬಣ್ಣದಲ್ಲಿ ದೊಡ್ಡದಾಗಿ ಗುರುತು ಹಾಕಿಡುವುದು ಲೇಸು.

ಇನ್ನು ಕುದುರೆಕೂದಲಿನ ಡ್ರಾಫ್ಟಿಂಗ್ ಬ್ರಶ್. ಮರದ ಹಿಡಿ, ಸುಮಾರು 14 ಇಂಚು ಉದ್ದ, ನಕ್ಷೆಯ ಮೇಲಿನ ರಬ್ಬರ್ ಪುಡಿ ಗುಡಿಸಲೆಂದು ಮಾಡಿದ್ದು. ಕೂದಲು ಉದ್ದವಾಗಿ ಮೆತ್ತಗಿರುವುದರಿಂದ ಕಾಳನ್ನು ಚಿಮ್ಮಿಸದೆ ತಳ್ಳಿಕೊಂಡು ಹೋಗುತ್ತದೆ. ಪೊರಕೆಯಂತೆ ಬೀಸಿ ಗುಡಿಸಬಾರದು. ಹೊರಗಿನಿಂದ ಒಳಕ್ಕೆ, ಒಂದೇ ದಿಕ್ಕಿನಲ್ಲಿ, ಉದ್ದುದ್ದಕ್ಕೆ ನಿಧಾನವಾಗಿ ಎಳೆದುಕೊಳ್ಳಬೇಕು. ಗುಂಡುಕಾಳಿನ ಮದ್ದು, ಉದಾಹರಣೆಗೆ ಎಚ್110 ಅಥವಾ ಸಿಎಫ್‌ಇ 223, ಗಸಗಸೆಗಿಂತ ಸಣ್ಣಗಿದ್ದು ಮುಟ್ಟಿದರೆ ಸಾಕು ಉರುಳಿ ಓಡುತ್ತದೆ. ಅದಕ್ಕೆ ಈ ಬ್ರಶ್ಶಿಗಿಂತ ಒಳ್ಳೆಯದು ಸಿಕ್ಕಿಲ್ಲ. ವಾರ್ಗೆಟ್, ಐಎಂಆರ್ 4350ರಂಥ ಕಡ್ಡಿಮದ್ದು ಮುರಿದ ಪೆನ್ಸಿಲ್ ಸೀಸದಂತಿರುತ್ತದೆ, ಬಿದ್ದಲ್ಲೇ ಬಿದ್ದಿರುತ್ತದೆ, ಸುಲಭ. ಯುನೀಕ್‌ನಂಥ ಚಕ್ಕೆಮದ್ದಿಗೆ ಮಾತ್ರ ತಾಳ್ಮೆ ಬೇಕು. ಹಗುರವಾದ ಚಪ್ಪಟೆ ಬಿಲ್ಲೆಗಳು ಬೆಂಚಿಗೆ ಹಾಸಿಕೊಂಡು ಅಂಟುತ್ತವೆ, ಉಸಿರು ತಾಗಿದರೂ ಹಾರುತ್ತವೆ.

ಬ್ರಶ್ಶಿನ ಶತ್ರು ಎಣ್ಣೆ. ಕೇಸಿಗೆ ಹಚ್ಚುವ ಲೂಬ್ ಒಮ್ಮೆ ಕೂದಲಿಗೆ ತಾಗಿದರೆ ಕಾಳು ಅದರಲ್ಲೇ ಕಚ್ಚಿಕೊಂಡು, ಇವತ್ತಿನ ಮದ್ದು ನಾಳೆ ಇನ್ನೊಂದು ಮದ್ದಿನೊಳಗೆ ಉದುರುತ್ತದೆ. ಮದ್ದಿಗೊಂದು, ಹೊಡೆದ ಪ್ರೈಮರಿನ ಮಸಿಗೊಂದು, ಎರಡು ಬ್ರಶ್ ಇಡಿ. ಹಿಡಿಗೆ ಬೇರೆ ಬೇರೆ ಬಣ್ಣದ ಟೇಪು ಸುತ್ತಿದರೆ ಗೊಂದಲವಿಲ್ಲ. ನೈಲಾನ್ ಎಳೆಯ ಬ್ರಶ್‌ಗೆ ಎರಡು ಅಂಕಕ್ಕಿಂತ ಹೆಚ್ಚು ಕೊಡಲಾಗದು. ಚಳಿಗಾಲದಲ್ಲಿ ಹೀಟರ್ ಓಡುವ ಮನೆಯೊಳಗೆ ಗಾಳಿ ಒಣಗಿರುವಾಗ ನಾಲ್ಕು ಸಲ ಎಳೆದರೆ ಕಾಳುಗಳು ಎಳೆಗಳ ತುದಿಗೆ ನೆಟ್ಟಗೆ ನಿಲ್ಲುತ್ತವೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಎರಡಿಂಚಿನ ಚಿಪ್ ಬ್ರಶ್, ಅಂದರೆ ಹಂದಿಕೂದಲಿನ ಅಗ್ಗದ ಪೇಂಟ್ ಬ್ರಶ್, ಮೂರೂವರೆ ಅಂಕದ್ದು. ಬೆಂಚಿನ ಮೇಲ್ಮೈಗೆ ಒರಟಾಯಿತು, ಕೂದಲೂ ಉದುರುತ್ತದೆ. ಆದರೆ ಕೂದಲನ್ನು ಒಂದಿಂಚಿಗೆ ಕತ್ತರಿಸಿಕೊಂಡರೆ ಪ್ರೆಸ್ಸಿನ ಸಂದಿಗಳಿಗೆ ಇದೇ ಸರಿ. ಹಲವು ಕೇಸುಗಳ ಕೆಲಸ ಒಟ್ಟಿಗೆ ನಡೆಯುವ ಪ್ರೊಗ್ರೆಸಿವ್ ಪ್ರೆಸ್ಸಿನಲ್ಲಿ, ಕೇಸುಗಳನ್ನು ಹಿಡಿದಿರುವ ಶೆಲ್‌ಪ್ಲೇಟು ಒಂದು ಸ್ಥಾನದಿಂದ ಇನ್ನೊಂದಕ್ಕೆ ಟಕ್ಕೆಂದು ತಿರುಗುವಾಗ ಗುಂಡುಕಾಳಿನ ಮದ್ದು ಕೇಸಿನ ಬಾಯಿಂದ ಹಾರಿ ಪ್ಲೇಟಿನ ಕೆಳಗೆ ಸೇರುತ್ತದೆ. ಅಲ್ಲಿ ನಾಲ್ಕು ಕಾಳು ಒತ್ತಿಕೊಂಡರೆ ಪ್ಲೇಟು ಸಮತಲ ಕೂರುವುದಿಲ್ಲ. ಪ್ರೈಮರ್ ಕೂರಿಸುವ ಕಡ್ಡಿಯ ತಲೆಯ ಮೇಲೆ ಒಂದು ಕಾಳು ಕುಳಿತರೆ ಪ್ರೈಮರಿನ ಮುಖ ಜಜ್ಜುತ್ತದೆ, ಪ್ರೈಮರ್ ಹಿಡಿಯುವ ಬಟ್ಟಲಿನ ಕೆಳಗೆ ಕುಳಿತರೆ ಪ್ರೈಮರ್ ಪೂರ್ತಿ ಇಳಿಯದೆ ಎತ್ತರ ನಿಲ್ಲುತ್ತದೆ. "ಇವತ್ತು ಯಾಕೋ ಪ್ರೈಮರ್ ಸರಿಯಾಗಿ ಕೂರುತ್ತಿಲ್ಲ" ಎನಿಸಿದರೆ ಒತ್ತಡ ಹೆಚ್ಚಿಸಬೇಡಿ. ನಿಲ್ಲಿಸಿ, ಪ್ರೈಮರ್‌ಗಳನ್ನು ಹೊರತೆಗೆದು, ಪ್ಲೇಟು ಬಿಚ್ಚಿ ಗುಡಿಸಿ. ಬ್ರಶ್ ಹೋಗದ ಸಂದಿಗೆ ಬಿದಿರಿನ ಕಡ್ಡಿ ಮತ್ತು ಪೇಂಟಿಂಗಿಗೆ ಬಳಸುವ ಕಾಗದದ ಟೇಪು ಸಾಕು.

ಒತ್ತಿದ ಗಾಳಿಯ ಕ್ಯಾನಿಗೂ ಸೊನ್ನೆ. ಅದು ಮದ್ದನ್ನು ಎತ್ತುವುದಿಲ್ಲ, ಕಣ್ಣಿಗೆ ಕಾಣದ ಮೂಲೆಗೆ ಅಟ್ಟುತ್ತದೆ. ಕೀಬೋರ್ಡ್ ದೂಳು ತೆಗೆಯಲು ಮಾರುವ ಇಂಥ ಕ್ಯಾನುಗಳಲ್ಲಿ ಹಲವುದರೊಳಗೆ ಇರುವ ಡೈಫ್ಲೋರೋಈಥೇನ್ ಸ್ವತಃ ಉರಿಯುವ ಅನಿಲ.

ಪ್ಲಾಸ್ಟಿಕ್ ಕಸಮೊರದ ಬದಲು ಗಟ್ಟಿ, ನುಣುಪು ಕಾಗದದ ಒಂದು ಹಾಳೆ ಉತ್ತಮ. ಬೆಂಚಿನ ಅಂಚಿಗೆ ಸರಿಯಾಗಿ ಒತ್ತಿ ಹಿಡಿಯಬಹುದು, ನಡುವೆ ಮಡಚಿದರೆ ಫನೆಲ್ ಆಗುತ್ತದೆ. ಪ್ಲಾಸ್ಟಿಕ್ ಮೊರವೇ ಬೇಕೆಂದರೆ, ಬಟ್ಟೆ ಒಣಗಿಸುವ ಯಂತ್ರಕ್ಕೆ ಹಾಕುವ ಡ್ರೈಯರ್ ಶೀಟಿನಿಂದ ಒಮ್ಮೆ ಒರೆಸಿ. ಮೆಷರಿನ ಹಾಪರಿಗೂ (ಮದ್ದು ತುಂಬುವ ಮೇಲಿನ ಡಬ್ಬಿ) ಫನೆಲ್ಲಿಗೂ ಇದೇ ಉಪಾಯ ನಡೆಯುತ್ತದೆ, ಅಂಟಿದ ಕಾಳು ಬಿಟ್ಟುಕೊಳ್ಳುತ್ತದೆ. ಡ್ರೈಯರ್ ಶೀಟಿಗೆ ನಾಲ್ಕು ಅಂಕ. ಕೋಣೆಯ ತೇವಾಂಶ ಶೇಕಡಾ 40ರಿಂದ 50ರಲ್ಲಿ ಇದ್ದರೆ ಅದರ ಅಗತ್ಯವೂ ಕಡಿಮೆ.

ಇವೆಲ್ಲ ಕೈಯಲ್ಲಿದ್ದರೂ ಮಾಡುವ ಕ್ರಮ ತಪ್ಪಬಾರದು. ಚೆಲ್ಲಿದ ಕ್ಷಣ ಪ್ರೆಸ್ಸಿನ ಹಿಡಿಕೆ ಬಿಡಿ. ಮದ್ದಿನ ಡಬ್ಬಿಯ ಮುಚ್ಚಳ ಹಾಕಿ ಬೆಂಚಿನಿಂದ ದೂರ ಇಡಿ, ಪ್ರೈಮರ್ ಟ್ರೇಯನ್ನು ಇನ್ನೊಂದು ದಿಕ್ಕಿಗೆ ಸರಿಸಿ. ಗ್ಯಾರೇಜಿನಲ್ಲಿ ಗ್ಯಾಸ್ ವಾಟರ್ ಹೀಟರ್ ಇದ್ದರೆ ಅದರ ಬುಡದಲ್ಲಿ ಪೈಲಟ್ ಜ್ವಾಲೆ ಉರಿಯುತ್ತಿರಬಹುದು. ಇದನ್ನು ಮರೆಯುವವರೇ ಹೆಚ್ಚು. ಚಳಿಗೆಂದು ಕಾಲಬುಡದಲ್ಲಿಟ್ಟ ಹೀಟರನ್ನು ಆರಿಸಿ ದೂರ ಇಡಿ. ಬೆಂಚಿಗೆ ಜಾಗ ಗೊತ್ತುಮಾಡುವಾಗಲೇ ಅದು ಜ್ವಾಲೆಯಿರುವ ಯಂತ್ರಗಳಿಂದ ದೂರ ಇರುವಂತೆ ನೋಡಿಕೊಂಡಿರಬೇಕು. ಚೆಲ್ಲಿದ ಮೇಲೆ ಬೆಂಚನ್ನು ಎತ್ತಿಕೊಂಡು ಓಡಲಾಗದು. ಆಮೇಲೆ ಮೇಲಿನಿಂದ ಕೆಳಕ್ಕೆ ಹೋಗಿ: ಮೊದಲು ಮೆಷರ್, ನಂತರ ಪ್ರೆಸ್, ಆಮೇಲೆ ಬೆಂಚು, ಕೊನೆಗೆ ನೆಲ.

ಎತ್ತಿದ್ದನ್ನು ತೂಗಿ. ಪ್ರೆಸ್ಸಿನ ಮೇಲೆ ಆಗ ಇದ್ದ ಕೇಸುಗಳನ್ನೆಲ್ಲ ಇಳಿಸಿ, ಒಂದೊಂದರ ಮದ್ದನ್ನೂ ಬೇರೆ ಬೇರೆಯಾಗಿ ತೂಗಿ. ಎಲ್ಲವೂ ಸರಿಯಿದ್ದರೆ ಚೆಲ್ಲಿದ್ದು ಮೆಷರಿನದ್ದೋ ಡಬ್ಬಿಯದ್ದೋ ಇರಬಹುದು. ಮೆಷರಿನ ತಿರುಗುವ ಡ್ರಮ್ಮಿನ ಸುತ್ತ ಗುಂಡುಕಾಳು ಸೋರುವುದು ಅಗ್ಗದ ಪ್ಲಾಸ್ಟಿಕ್ ಮೆಷರುಗಳಲ್ಲಿ ಸಾಮಾನ್ಯ, ಡ್ರಮ್ಮಿನ ಬಿಗಿ ಸ್ಕ್ರೂ ಸ್ವಲ್ಪ ಬಿಗಿಮಾಡಿ ನೋಡಬಹುದು. ಮದ್ದನ್ನು ತಾನೇ ತೂಗಿ ಕೊಡುವ ಎಲೆಕ್ಟ್ರಾನಿಕ್ ಡಿಸ್ಪೆನ್ಸರ್ ಆದರೆ ಹಾಪರ್ ಖಾಲಿ ಮಾಡುವ ಕೆಳಬಾಗಿಲು ತೆರೆದಿರುವಾಗಲೇ ಮೇಲಿನಿಂದ ಹೊಸ ಮದ್ದು ಸುರಿಯುವುದು ಮಾಮೂಲಿ ತಪ್ಪು. ಅರ್ಧ ಪೌಂಡ್ ಚೆಲ್ಲುವುದು ಹೀಗೆಯೇ. ಕೇಸುಗಳಲ್ಲಿ ಒಂದು ಕಡಿಮೆ ತೂಗಿದರೆ ಚೆಲ್ಲಿದ ಲೆಕ್ಕ ಅಲ್ಲೇ ಸಿಕ್ಕಿತು. ಎಲ್ಲಿಯೂ ತಾಳೆಯಾಗದಿದ್ದರೆ, ಕೊನೆಗೆ ತುಂಬಿ ಮುಗಿಸಿದ ತೋಟಾಗಳನ್ನು ಅನುಮಾನದ ಡಬ್ಬಿಗೆ ಹಾಕಿ. ಇಡೀ ತೋಟಾ ತೂಗಿ ಪತ್ತೆ ಹಚ್ಚುತ್ತೇನೆ ಎನ್ನುವುದು ಪಿಸ್ತೂಲಿನ ತೋಟಾಗಳಿಗೆ ನಂಬಲರ್ಹವಲ್ಲ. ಒಂದು ಹಿತ್ತಾಳೆ ಕೇಸಿಗೂ ಇನ್ನೊಂದಕ್ಕೂ ಇರುವ ತೂಕದ ವ್ಯತ್ಯಾಸವೇ ಮದ್ದಿನಷ್ಟಾಗಬಹುದು. ತೋಟಾದಿಂದ ಗುಂಡು ಕಳಚುವ ಬುಲೆಟ್ ಪುಲ್ಲರ್ ಸುತ್ತಿಗೆಯಲ್ಲಿ ಬಡಿದು ಬಿಚ್ಚಿ ನೋಡುವುದೊಂದೇ ದಾರಿ. ಆ ಸುತ್ತಿಗೆ ಇಲ್ಲದ ಬೆಂಚಿನಲ್ಲಿ ಅನುಮಾನದ ತೋಟಾಗಳು ಹೇಗೋ ರೇಂಜಿಗೆ ಹೋಗಿಬಿಡುತ್ತವೆ, ಹಾಗಾಗಿ ಮೊದಲೇ ಕೊಂಡಿಡಿ.

ಎತ್ತಿದ ಮದ್ದನ್ನು ಮತ್ತೆ ಡಬ್ಬಿಗೆ ಸುರಿಯಬೇಡಿ. ಟ್ರೇಯೊಳಗೇ ಬಿದ್ದದ್ದು ಶುದ್ಧವಾಗಿದೆ ಎನಿಸಿದರೂ ಅದರಲ್ಲಿ ಕೇಸು ಉಜ್ಜಿ ಸ್ವಚ್ಛಮಾಡುವ ಟಂಬ್ಲರಿನ ಹೊಟ್ಟು, ಹಿತ್ತಾಳೆ ಚೂರು, ನಿನ್ನೆ ಬಳಸಿದ ಬೇರೆ ಮದ್ದಿನ ಕಾಳು ಇರಬಹುದು. ಎರಡು ಮದ್ದು ನೋಡಲು ಒಂದೇ ಥರ ಇದ್ದು ಉರಿಯುವ ವೇಗ ಪೂರ್ತಿ ಬೇರೆಯಿರುತ್ತದೆ, ಬೆರೆತ ಮೇಲೆ ಬೇರ್ಪಡಿಸುವ ವಿದ್ಯೆ ಯಾರಲ್ಲೂ ಇಲ್ಲ. ಎರಡು ಡಾಲರಿನ ಮದ್ದಿಗಾಗಿ ಒಂದು ಪೌಂಡ್ ಮದ್ದನ್ನು ಕೆಡಿಸುವುದು ಬೇಡ. ಕಾರ್ಖಾನೆಯಿಂದ ಬಂದ ಖಾಲಿ ಪ್ಲಾಸ್ಟಿಕ್ ಮದ್ದಿನ ಬಾಟಲಿಯ ಹಳೆಯ ಚೀಟಿ ಕಿತ್ತು, "ಕಸದ ಮದ್ದು, ತುಂಬಬಾರದು" ಎಂದು ಬರೆದು ಅದರಲ್ಲಿಡಿ. ಆ ಬಾಟಲಿಗಳು ಬೆಂಕಿ ತಗುಲಿದಾಗ ಒತ್ತಡ ಏರುವ ಮೊದಲೇ ಬಿಟ್ಟುಕೊಳ್ಳುವಂತೆ ಮಾಡಿದವು. ಗಾಜಿನ ಜಾಡಿ, ಬಿಗಿ ಮುಚ್ಚಳದ ಕಬ್ಬಿಣದ ಡಬ್ಬಿ ಅಪಾಯ.

ವಿಲೇವಾರಿ ಹೇಗೆ? ಸಿಂಕಿಗೆ ಬೇಡ. ಹೊಗೆರಹಿತ ಮದ್ದು ನೀರಿನಲ್ಲಿ ಕರಗುವುದಿಲ್ಲ, ಕೊಳವೆಯ ಬಾಗಿನಲ್ಲಿ ಕೂತು, ಒಣಗಿದರೆ ಮತ್ತೆ ಉರಿಯಬಲ್ಲದು. ಕಸದ ತೊಟ್ಟಿಗೂ ಬೇಡ, ಕಸದ ಲಾರಿಯಲ್ಲಿ ಎಲ್ಲವನ್ನೂ ಒತ್ತಿ ಪುಡಿಮಾಡುತ್ತಾರೆ. ಸ್ಯಾಮಿ ಹೇಳುವ ಕ್ರಮ ಬಯಲಲ್ಲಿ ಸುಡುವುದು: ಜನರಿಂದ, ಕಟ್ಟಡದಿಂದ ದೂರ, ಬರಿನೆಲದ ಮೇಲೆ ಒಂದಿಂಚಿಗಿಂತ ಎತ್ತರವಾಗದಂತೆ ತೆಳ್ಳಗೆ ಹರಡಬೇಕು, ಒಂದು ಗುಡ್ಡೆಗೆ ಒಂದು ಪೌಂಡ್ ಮೀರಬಾರದು. ಕಡ್ಡಿ ಗೀರಿ ನೇರವಾಗಿ ಮದ್ದಿಗೆ ಹಿಡಿಯದೆ, ನಿಧಾನವಾಗಿ ಉರಿಯುವ ಕಾಗದದ ಸುರುಳಿಯಂಥದ್ದನ್ನು ಬತ್ತಿಯಂತೆ ಎಳೆದು ಅದರ ತುದಿಗೆ ಹಚ್ಚಿ ಹಿಂದೆ ಸರಿಯಬೇಕು. ಒಣಹವೆಯ ರಾಜ್ಯಗಳಲ್ಲಿ ಬೇಸಗೆಯಲ್ಲಿ ಬಯಲು ಬೆಂಕಿಗೆ ನಿಷೇಧವಿರುತ್ತದೆ. ಆಗ ಊರಿನ ಅಗ್ನಿಶಾಮಕ ಠಾಣೆಯ ತುರ್ತಲ್ಲದ ನಂಬರಿಗೆ ಕರೆ ಮಾಡಿ ಕೇಳಿ. ಚಿಟಿಕೆಯಷ್ಟನ್ನು ಹುಲ್ಲಿನ ಮೇಲೆ ಎರಚುವ ರೂಢಿ ರಿಲೋಡರ್‌ಗಳಲ್ಲಿದೆ. ನಾಯಿ ಸಾಕಿದ ಮನೆಯಲ್ಲಿ ಅದು ಬೇಡ, ಹಲವು ಮದ್ದುಗಳಲ್ಲಿ ನೈಟ್ರೋಗ್ಲಿಸರಿನ್ ಇರುತ್ತದೆ.

ನೆಲದ ವಿಷಯದಲ್ಲಿ ಒಂದೇ ಮಾತು: ಕಾರ್ಪೆಟ್ ಇರುವ ಕೋಣೆಯಲ್ಲಿ ಬೆಂಚು ಬೇಡ. ಇರುವುದು ಅದೊಂದೇ ಕೋಣೆ ಎಂದಾದರೆ ಬೆಂಚಿನ ಕೆಳಗೂ ಕುರ್ಚಿಯ ಕೆಳಗೂ ತಿಳಿಬಣ್ಣದ ವಿನೈಲ್ ಹಾಸು ಹಾಸಿ. ಈಗಾಗಲೇ ಬಿದ್ದಿದ್ದರೆ ಬ್ರಶ್ ಹಾಕಿದಷ್ಟೂ ಕಾಳು ಎಳೆಗಳ ಬುಡಕ್ಕಿಳಿಯುತ್ತದೆ. ಬಟ್ಟೆಯ ನೂಲು ತೆಗೆಯುವ ಅಂಟು ರೋಲರ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಉರುಳಿಸದೆ ಒತ್ತಿ ಎತ್ತುತ್ತಾ ಹೋಗಿ, ಹಾಳೆ ತುಂಬಿದಂತೆ ಹರಿದು ಬೇರೆ ಇಡಿ. ಕಾರ್ಪೆಟ್ ಮಟ್ಟಿಗೆ ರೋಲರಿಗೆ ನಾಲ್ಕು, ಬೆಂಚಿಗೆ ಒಂದು: ಅಂಟಿದ ಮದ್ದನ್ನು ತೂಗಲಾಗದು.

ಪ್ರೈಮರ್ ಚೆಲ್ಲಿದರೆ ಬ್ರಶ್ ಕೆಳಗಿಡಿ. ಒಂದೊಂದನ್ನೇ ಕೈಯಿಂದ ಹೆಕ್ಕಿ, ಡಬ್ಬಿಯ ಲೆಕ್ಕಕ್ಕೆ ಸರಿಯಾಗುವವರೆಗೆ ಎಣಿಸಿ. ಕಾಲಿಡುವ ಜಾಗ ನೋಡಿಕೊಳ್ಳಿ. ಪ್ರೈಮರ್ ಟ್ರೇ ಮತ್ತು ಕೊಳವೆಗಳಲ್ಲಿ ಕೂರುವ ಸಣ್ಣ ಪುಡಿಯಲ್ಲಿ ಸೀಸದ ಸ್ಟಿಫ್‌ನೇಟ್ ಇರಬಹುದು, ಉಜ್ಜಿದರೆ, ಕಿಡಿ ತಾಗಿದರೆ ಸಿಡಿಯುವಂಥದ್ದು. ಅದನ್ನು ಒದ್ದೆ ಬಟ್ಟೆಯಿಂದ ಒರೆಸಬೇಕು, ಒಣಬ್ರಶ್ಶಿನಿಂದ ಅಲ್ಲ.

ಕರಿಮದ್ದಿಗೆ ನಿಯಮ ಬೇರೆ. ಕೊಡಗು, ಮಲೆನಾಡಿನ ಮನೆಗಳಲ್ಲಿ ಕೇಪಿನ ಕೋವಿ ನೋಡಿ ಬೆಳೆದವರಿಗೆ ಮದ್ದು ಎಂದರೆ ಅದೇ: ಪೊಟ್ಯಾಸಿಯಂ ನೈಟ್ರೇಟ್ 75, ಇದ್ದಿಲು 15, ಗಂಧಕ 10 ಪಾಲಿನ ಮಿಶ್ರಣ. ಹೊಗೆರಹಿತ ಮದ್ದಿಗಿಂತ ಅದು ಕಿಡಿಗೆ ಬಹಳ ಬೇಗ ಹತ್ತಿಕೊಳ್ಳುತ್ತದೆ, ಬಯಲಲ್ಲಿದ್ದರೂ ಕ್ಷಣಾರ್ಧದಲ್ಲಿ ಭುಗಿಲೆನ್ನುತ್ತದೆ. ಆದರೆ ಅದಕ್ಕೆ ನೀರೇ ಮದ್ದು. ನೈಟ್ರೇಟ್ ನೀರಿನಲ್ಲಿ ಕರಗಿಹೋದರೆ ಉಳಿಯುವುದು ಇದ್ದಿಲು, ಗಂಧಕ ಅಷ್ಟೇ. ಆದ್ದರಿಂದ ಮೊದಲು ನೀರು ಚಿಮುಕಿಸಿ ನೆನೆಸಿ, ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಬಕೆಟ್ ನೀರಿನಲ್ಲಿ ಎರಡು ಮೂರು ಸಲ ಜಾಲಿಸಿ. ಜಾಲಿಸದೆ ಒಣಗಲು ಬಿಟ್ಟ ಬಟ್ಟೆಯಲ್ಲಿ ನೈಟ್ರೇಟ್ ಉಳಿದು ಅದು ಬತ್ತಿಯಂತೆ ಉರಿಯುತ್ತದೆ. ಕಬ್ಬಿಣದ ಮೊರ, ಕಬ್ಬಿಣದ ಕೆರೆಯುವ ಸಾಧನ ದೂರವಿರಲಿ. ಅಲ್ಯುಮಿನಿಯಂ ಕೂಡ ತುಕ್ಕು ಹಿಡಿದ ಕಬ್ಬಿಣಕ್ಕೆ ಬಡಿದರೆ ಕಿಡಿ ಹಾರಿಸಬಲ್ಲದು. ಹೀಗಾಗಿ ಹೊಗೆರಹಿತ ಮದ್ದಿಗೆ ಐದು ಅಂಕ ಪಡೆದ ಟ್ರೇಗೆ ಕರಿಮದ್ದಿನ ಬೆಂಚಿನಲ್ಲಿ ಮೂರೇ ಅಂಕ. ಅಲ್ಲಿ ಹಿತ್ತಾಳೆ ಅಥವಾ ತಾಮ್ರದ ತಟ್ಟೆ, ಮರದ ಚಮಚ, ಪಕ್ಕದಲ್ಲಿ ಸದಾ ಒಂದು ಬಕೆಟ್ ನೀರು.